ಕಡಲು ದಾಟಲು ಯಾರ ಅಪ್ಪಣೆ?

1965ರ ‘ಮೈಸೂರು ಲಾ ಜರ್ನಲ್’ ಸಂಪುಟದ 605ನೇ ಪುಟದಲ್ಲಿ ಒಂದು ತೀರ್ಪಿದೆ. ಕಾನೂನು ಬಲ್ಲವರು ಅದನ್ನು ಸದಾಶಿವ ರಾವ್ ಪ್ರಕರಣ ಎಂದು ಕರೆಯುತ್ತಾರೆ. ಪಾಸ್‌ಪೋರ್ಟ್ ಕೇಳಿದವರಿಗೆ ಕೇಂದ್ರ ಸರ್ಕಾರ ಇಲ್ಲವೆಂದಿತ್ತು. ಅವರು ಮೈಸೂರು ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರು. ವಿಭಾಗೀಯ ಪೀಠದ ಪರವಾಗಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು ಕೊಟ್ಟ ಉತ್ತರದ ತಿರುಳು ಸರಳವಾಗಿತ್ತು. ಹೊರದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿ ಕಾಪಾಡುವ ವೈಯಕ್ತಿಕ ಸ್ವಾತಂತ್ರ್ಯದ ಭಾಗ. ಅದನ್ನು ಕಿತ್ತುಕೊಳ್ಳಬೇಕಾದರೆ ಶಾಸನಸಭೆ ಮಾಡಿದ ಕಾನೂನು ಬೇಕು. ಅಂಥ ಕಾನೂನು ದೇಶದಲ್ಲಿ ಇಲ್ಲ. ಆದ್ದರಿಂದ ಪಾಸ್‌ಪೋರ್ಟ್ ನಿರಾಕರಿಸಲು ಸರಿಯಾದ ಆಧಾರವೂ ಇಲ್ಲ. ಗಣರಾಜ್ಯಕ್ಕೆ ಆಗ ಹದಿನೈದು ವರ್ಷ ತುಂಬಿತ್ತು. ಅಷ್ಟೂ ಕಾಲ ಸಾವಿರಾರು ಭಾರತೀಯರು, ಅವರಲ್ಲಿ ಓದಲು ಹೊರಟವರೂ ಸೇರಿ, ಶಾಸನದ ಆಧಾರವೇ ಇಲ್ಲದ ಒಂದು ಅಪ್ಪಣೆಗಾಗಿ ಅರ್ಜಿ ಹಾಕಿ ಕಾಯುತ್ತಿದ್ದರು ಎಂಬುದನ್ನು ನೇರವಾಗಿ ಹೇಳಿದ ಮೊದಲ ತೀರ್ಪುಗಳಲ್ಲಿ ಅದೂ ಒಂದು.

ಹೊರದೇಶದ ವ್ಯಾಸಂಗದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಹೋದವರ ಕಥೆಯಾಗಿ ಹೇಳುತ್ತೇವೆ: ಯಾರು ಯಾವ ಹಡಗು ಹತ್ತಿದರು, ಯಾವ ಪದವಿ ತಂದರು, ಬಂದು ಏನು ಮಾಡಿದರು. ಅದೇ ಚರಿತ್ರೆಯನ್ನು ಬಾಗಿಲು ಕಾಯ್ದವರ ಕಡೆಯಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಮೊದಲು ಜಾತಿಯ ಪಂಚಾಯಿತಿ, ಆಮೇಲೆ ಸಾಮ್ರಾಜ್ಯದ ಕಚೇರಿ, ಆಮೇಲೆ ಸ್ವತಂತ್ರ ದೇಶದ ರಿಸರ್ವ್ ಬ್ಯಾಂಕ್ ಮತ್ತು ಪಾಸ್‌ಪೋರ್ಟ್ ಕಚೇರಿ ಒಂದರ ನಂತರ ಒಂದು ಹೊಸ್ತಿಲಲ್ಲಿ ಕೂತವು. ಇವರಲ್ಲಿ ಯಾರಿಗೂ ಹುಡುಗ ಏನು ಓದುತ್ತಾನೆ ಎಂಬುದು ಮುಖ್ಯವಾಗಿರಲಿಲ್ಲ. ಅವನು ಹೋದರೆ ತಮ್ಮ ಕೈಯಿಂದ ಏನು ಜಾರುತ್ತದೆ ಎಂಬುದೇ ಅವರ ಚಿಂತೆ. ಜಾತಿಗೆ ಮಡಿ ಕೆಡುವ ಭಯ, ಸಾಮ್ರಾಜ್ಯಕ್ಕೆ ರಾಜದ್ರೋಹದ ಭಯ, ಗಣರಾಜ್ಯಕ್ಕೆ ಡಾಲರ್ ಹೋಗುವ ಭಯ. ಯಾವ ಅನಾಹುತವನ್ನು ತಡೆಯಲು ಈ ಕಟ್ಟಳೆಗಳು ಬಂದವೋ ಅದನ್ನು ಅವು ತಡೆಯಲಿಲ್ಲ. ತಡೆದದ್ದು ಕೈಯಲ್ಲಿ ಕಾಸಿಲ್ಲದವರನ್ನು, ಬೆನ್ನಿಗೆ ಬಂಧುಬಳಗವಿಲ್ಲದವರನ್ನು ಮಾತ್ರ. ನನ್ನ ವಾದ ಇಷ್ಟು. ಆದರೆ ಅದಕ್ಕೆ ಒಂದು ಭೇದವನ್ನು ಮೊದಲೇ ಗುರುತಿಸಿಕೊಳ್ಳಬೇಕು. ಓದಿಗೆ ಹಣ ಕೊಟ್ಟವರು ಹಾಕುವ ಷರತ್ತು ಕರಾರು. ಏನೂ ಕೊಡದೆ ಬಾಗಿಲು ಮಾತ್ರ ಹಿಡಿದು ನಿಂತವರು ಹಾಕುವ ಷರತ್ತು ಅಪ್ಪಣೆ. ಇವೆರಡನ್ನೂ ಒಂದೇ ಎಂದು ಬಗೆದದ್ದರಿಂದ ನೂರು ವರ್ಷಗಳ ಚರ್ಚೆ ಗೋಜಲಾಗಿದೆ.

ಕಡಲು ದಾಟುವುದು ಪಾಪ ಎಂಬ ಮಾತಿಗೆ ಹಳೆಯ ಆಧಾರಗಳಿವೆ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಜಾತಿಭ್ರಷ್ಟಗೊಳಿಸುವ ಕೃತ್ಯಗಳ ಸಾಲಿನಲ್ಲಿ ಇಡುತ್ತದೆ. ಆದರೆ ಅದೇ ಗ್ರಂಥ ಉತ್ತರದವರಲ್ಲಿ ಕಡಲಯಾನ ರೂಢಿಯಲ್ಲಿದೆ ಎಂದೂ ಒಪ್ಪುತ್ತದೆ. ಅಂದರೆ ನಿಷೇಧ ಹುಟ್ಟಿದ ದಿನದಿಂದಲೇ ಅದನ್ನು ಮೀರುವವರೂ ಇದ್ದರು. ವ್ಯಾಪಾರಕ್ಕೆ ಹೋದವರನ್ನು ಸಮಾಜ ಕಂಡೂ ಕಾಣದಂತೆ ಬಿಟ್ಟಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ಯಾರ್ಥಿಗಳು ಹಡಗು ಹತ್ತತೊಡಗಿದಾಗಲೇ ಪ್ರಶ್ನೆ ಕಾವೇರಿತು. 1845ರ ಮಾರ್ಚ್‌ನಲ್ಲಿ ದ್ವಾರಕಾನಾಥ ಠಾಕೂರರು ಕಲ್ಕತ್ತ ಮೆಡಿಕಲ್ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳೊಂದಿಗೆ ಇಂಗ್ಲೆಂಡಿಗೆ ಹೊರಟರು. ಆ ನಾಲ್ವರಲ್ಲಿ ಒಬ್ಬರಾದ ಸೂರ್ಯಕುಮಾರ ಚಕ್ರವರ್ತಿ ಹತ್ತು ವರ್ಷಗಳ ಬಳಿಕ, 1855ರಲ್ಲಿ, ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ ಮೊದಲ ಭಾರತೀಯರಾದರು. ವ್ಯಾಪಾರಿ ಹೋಗಿ ಬಂದರೆ ಮನೆಗೆ ಹಣ ಬರುತ್ತದೆ, ಅಷ್ಟೆ. ಓದಿದವನು ಹೋಗಿ ಬಂದರೆ ಊರಿನಲ್ಲಿ ಯಾರ ಮಾತು ನಡೆಯಬೇಕು ಎಂಬ ಲೆಕ್ಕವೇ ಬದಲಾಗುತ್ತದೆ. ಜಾತಿಯ ಹಿರಿಯರು ಹೆದರಿದ್ದು ಇದಕ್ಕೆ ಎಂದು ನಾನು ತಿಳಿಯುತ್ತೇನೆ.

ಈ ಅಪ್ಪಣೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ 1888ರ ಗಾಂಧಿಯವರ ಪ್ರಸಂಗಕ್ಕಿಂತ ಸ್ಪಷ್ಟವಾದ ದಾಖಲೆ ಸಿಗುವುದು ಕಷ್ಟ. ಅವರ ಆತ್ಮಕಥೆಯಿಂದ ಎಲ್ಲರಿಗೂ ಗೊತ್ತಿರುವ ಕಥೆಯೇ. ಆದರೆ ಅದರಲ್ಲಿ ಎಷ್ಟು ಬಾಗಿಲುಗಳಿದ್ದವು ಎಂದು ಎಣಿಸಿದವರು ಕಡಿಮೆ. ಹದಿನೆಂಟರ ಹುಡುಗ ಮೊದಲು ತಾಯಿಯನ್ನು ಒಪ್ಪಿಸಬೇಕಾಯಿತು. ಜೈನ ಸಾಧು ಬೇಚರ್‌ಜಿ ಸ್ವಾಮಿಯ ಎದುರು ಮದ್ಯ, ಮಾಂಸ, ಹೆಣ್ಣು ಮುಟ್ಟುವುದಿಲ್ಲವೆಂದು ಮೂರು ಆಣೆ ಮಾಡಿದ ಮೇಲೆ ಆ ಬಾಗಿಲು ತೆರೆಯಿತು. ಧನಸಹಾಯಕ್ಕಾಗಿ ಪೋರಬಂದರಿನ ಆಡಳಿತಾಧಿಕಾರಿ ಲೇಲಿಯ ಬಳಿ ಹೋದರೆ, ಮೊದಲು ಬಿ.ಎ. ಮುಗಿಸು, ಆಮೇಲೆ ಬಾ ಎಂಬ ಉತ್ತರ ಬಂತು. ಮುಂಬಯಿಯಲ್ಲಿ ಮೋಢ ಬನಿಯಾ ಜಾತಿಯ ಸಭೆ ಕರೆದು, ಧರ್ಮ ಕಡಲಯಾನಕ್ಕೆ ಒಪ್ಪುವುದಿಲ್ಲ ಎಂದು ಮುಖಂಡರು ತಿಳಿಸಿದರು. ಹುಡುಗ ಬಗ್ಗದಿದ್ದಾಗ ಬಹಿಷ್ಕಾರ ಹಾಕಿದರು. ಅವನಿಗೆ ನೆರವಾದವರಿಗೂ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ ವಿಧಿಸಿದರು. ಈ ದಂಡದ ಮಾತನ್ನು ಓದಿ ನಾವು ನಕ್ಕು ಮುಂದೆ ಹೋಗುತ್ತೇವೆ. ಆದರೆ ಬಹಿಷ್ಕಾರದ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಪ್ರಯಾಣದ ಹಣ ಇಟ್ಟುಕೊಂಡಿದ್ದ ಭಾವ, ಜಾತಿಯಿಂದ ಹೊರಬೀಳುವ ಹೆದರಿಕೆಯಿಂದ ಅದನ್ನು ಕೊಡಲು ಹಿಂಜರಿದರು. ಗೆಳೆಯರೊಬ್ಬರು ಸಾಲ ಕೊಟ್ಟದ್ದರಿಂದ ಸೆಪ್ಟೆಂಬರ್ 4ರಂದು ಹಡಗು ಹತ್ತುವುದು ಸಾಧ್ಯವಾಯಿತು. ಅಂಥ ಗೆಳೆಯನಿಲ್ಲದ ಎಷ್ಟು ಹುಡುಗರು ಬಂದರಿನಿಂದಲೇ ಹಿಂದಿರುಗಿರಬೇಕು ಎಂಬುದನ್ನು ಯಾವ ಆತ್ಮಕಥೆಯೂ ಹೇಳುವುದಿಲ್ಲ. ಮೂರು ವರ್ಷಗಳ ಬಳಿಕ ಬ್ಯಾರಿಸ್ಟರಾಗಿ ಬಂದವರನ್ನು ಅಣ್ಣ ನಾಸಿಕಕ್ಕೆ ಕರೆದೊಯ್ದು ಗೋದಾವರಿಯಲ್ಲಿ ಮುಳುಗಿಸಿ, ರಾಜಕೋಟೆಯಲ್ಲಿ ಜಾತಿಭೋಜನ ಹಾಕಿಸಿದರು. ಜಾತಿಯ ಒಂದು ಪಂಗಡ ಅವರನ್ನು ಮತ್ತೆ ಸೇರಿಸಿಕೊಂಡಿತು. ಮಹಾಪಾಪ ಎನಿಸಿದ್ದು ಒಂದು ಊಟದ ಖರ್ಚಿನಲ್ಲಿ ಕರಗಿತು. ಆ ಖರ್ಚು ಹೊರಬಲ್ಲವರಿಗೆ.

ಹೆಣ್ಣುಮಕ್ಕಳಿಗೆ ಬಾಗಿಲುಗಳು ಇನ್ನೂ ಹೆಚ್ಚು. ಆನಂದಿಬಾಯಿ ಜೋಶಿಯವರ ಪರವಾಗಿ ಗಂಡ ಗೋಪಾಲರಾಯರು ಅಮೆರಿಕದ ಪಾದ್ರಿಯೊಬ್ಬರಿಗೆ ನೆರವು ಕೇಳಿ ಬರೆದಾಗ, ಕ್ರೈಸ್ತರಾಗಿ ಎಂಬ ಸಲಹೆ ಬಂತು. ಇತ್ತ ಸ್ವಜಾತಿಯವರಿಗೆ ಆಕೆ ಹೊರಟಿದ್ದೇ ಅಪರಾಧ. ಒಂದು ಧರ್ಮ ಬಿಟ್ಟು ಬಾ ಎನ್ನುತ್ತದೆ, ಇನ್ನೊಂದು ಹೋದರೆ ಮತ್ತೆ ಬರಬೇಡ ಎನ್ನುತ್ತದೆ. ಹದಿನೇಳರ ಆ ಹುಡುಗಿ 1883ರ ಫೆಬ್ರವರಿಯಲ್ಲಿ ಶ್ರೀರಾಮಪುರದ ಕಾಲೇಜಿನ ಸಭಾಂಗಣದಲ್ಲಿ ನಿಂತು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ತಾನೇಕೆ ಹೋಗಬೇಕು, ಇಲ್ಲಿಯೇ ಓದಬಾರದೇಕೆ, ಒಬ್ಬಳೇ ಏಕೆ, ಬಹಿಷ್ಕಾರ ಬಂದರೇನು ಎಂಬ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿದರು; ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಬರುತ್ತೇನೆ ಎಂದರು. ಭಾರತೀಯ ವಿದ್ಯಾರ್ಥಿಯೊಬ್ಬರು ಹೊರದೇಶಕ್ಕೆ ಹೋಗಲು ಸಲ್ಲಿಸಿದ ಅರ್ಜಿಗಳಲ್ಲಿ ಇದಕ್ಕಿಂತ ಧೀರವಾದದ್ದು ನನಗೆ ಗೊತ್ತಿಲ್ಲ. 1886ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಬಂದ ಅವರು 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ತೀರಿಕೊಂಡರು. ನಮ್ಮ ಕರಾವಳಿಯಲ್ಲೂ ಈ ಜಗಳ ಜೋರಾಗಿಯೇ ನಡೆಯಿತು. ಚಿತ್ರಾಪುರ ಮಠದ ಪಾಂಡುರಂಗಾಶ್ರಮ ಸ್ವಾಮಿಗಳ ಕಾಲದಲ್ಲಿ ವಿಲಾಯತಿಗೆ ಹೋಗಿ ಬಂದವರನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂಬುದು ಸಾರಸ್ವತ ಸಮಾಜವನ್ನು ಕಲಕಿತು. ಅದೆಲ್ಲ ಹಳೆಯ ಕಥೆ ಎಂದುಕೊಳ್ಳುವವರು 2008ರ ಜನವರಿಯ ಉಡುಪಿಯನ್ನು ನೆನೆಯಬೇಕು: ಹೊರದೇಶಗಳಿಗೆ ಹೋಗಿ ಬಂದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಪರ್ಯಾಯ ಪೀಠವೇರುವಾಗ, ಅವರು ಕೃಷ್ಣನ ವಿಗ್ರಹ ಮುಟ್ಟಬಹುದೇ ಎಂಬುದೇ ದೊಡ್ಡ ವಿವಾದವಾಗಿತ್ತು.

ಇಪ್ಪತ್ತನೆಯ ಶತಮಾನದ ಹೊತ್ತಿಗೆ ಜಾತಿಯ ಹಿಡಿತ ಸಡಿಲವಾಯಿತು. ಅದಕ್ಕೆ ಮುಖ್ಯ ಕಾರಣ ಸುಧಾರಣೆಯ ಭಾಷಣಗಳಲ್ಲ, ಲಂಡನ್ನಿನಲ್ಲಿದ್ದ ಹುದ್ದೆಗಳ ಬೀಗದಕೈ. ಐ.ಸಿ.ಎಸ್. ಪರೀಕ್ಷೆ 1922ರವರೆಗೆ ಭಾರತದಲ್ಲಿ ನಡೆಯಲೇ ಇಲ್ಲ. ಬ್ಯಾರಿಸ್ಟರಾಗಬೇಕಾದರೆ ಅಲ್ಲಿನ ‘ಇನ್’ ಎಂಬ ವಕೀಲರ ಸಂಘಗಳಲ್ಲಿ ಊಟ ಮಾಡಿ ಅವಧಿ ತುಂಬಿಸಬೇಕಿತ್ತು. ಹಾಗೆ ಸರ್ಕಾರವೇ ಕಟ್ಟಿದ ದಾರಿಯಲ್ಲಿ ನಡೆದು ಬಂದವರ ಸಂಖ್ಯೆ ಬೆಳೆದಂತೆ ಸರ್ಕಾರಕ್ಕೇ ಕಳವಳ ಹುಟ್ಟಿತು. 1905ರ ಜುಲೈ 1ರಂದು ಶ್ಯಾಮಜಿ ಕೃಷ್ಣವರ್ಮರು ಲಂಡನ್ನಿನ ಹೈಗೇಟ್‌ನಲ್ಲಿ ಇಂಡಿಯಾ ಹೌಸ್ ತೆರೆದರು. ವಿದ್ಯಾರ್ಥಿಗಳಿಗೆ ಇರಲು ಜಾಗ, ಓದಲು ವೇತನ, ಮಾತಿಗೆ ಸ್ವಾತಂತ್ರ್ಯದ ವಿಷಯ. 1907ರಲ್ಲಿ ಭಾರತ ಮಂತ್ರಿ ಮಾರ್ಲೆ, ಸರ್ ವಿಲಿಯಂ ಲೀ-ವಾರ್ನರ್ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿದರು. ಆಗ ಬ್ರಿಟನ್ನಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 700. ಅಷ್ಟು ಸಣ್ಣ ಗುಂಪಿನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಸಾಮ್ರಾಜ್ಯ ಸಮಿತಿ ಕೂರಿಸಿತು. ಸಮಿತಿ ವರದಿ ಕೊಟ್ಟಾಗ ಅದನ್ನು ಪ್ರಕಟಿಸಲು ಹಿಂಜರಿದು ಒಳಗಿಟ್ಟಿತು. ಅದು ಬೆಳಕು ಕಂಡದ್ದು 1922ರಲ್ಲಿ, ಇನ್ನೊಂದು ಸಮಿತಿಯ ವರದಿಯ ಬೆನ್ನಿಗೆ. ಲೀ-ವಾರ್ನರ್ ಸಮಿತಿಯ ಸದಸ್ಯರಲ್ಲಿ ಒಬ್ಬರು ಸರ್ ಕರ್ಜನ್ ವಾಯ್ಲಿ. 1909ರ ಜುಲೈ 1ರಂದು ಸೌತ್ ಕೆನ್ಸಿಂಗ್ಟನ್ನಿನ ಇಂಪೀರಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ನಡೆದ ಸಮಾರಂಭದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ ಮದನಲಾಲ್ ಧಿಂಗ್ರಾ ವಾಯ್ಲಿಯವರನ್ನು ಗುಂಡಿಟ್ಟು ಕೊಂದರು. ಆಗಸ್ಟ್ 17ರಂದು ಧಿಂಗ್ರಾರನ್ನು ಗಲ್ಲಿಗೇರಿಸಲಾಯಿತು.

ಅದೇ ವರ್ಷ ವಿದ್ಯಾರ್ಥಿಗಳಿಗಾಗಿ ಮಾಹಿತಿ ಕಚೇರಿಯೊಂದು ತಲೆಯೆತ್ತಿತು. ಇಸ್ಲಾಂ ಚರಿತ್ರೆಯ ವಿದ್ವಾಂಸ ಥಾಮಸ್ ಆರ್ನಲ್ಡ್ ಅದರ ಶಿಕ್ಷಣ ಸಲಹೆಗಾರರಾದರು. ಕ್ರಾಮ್‌ವೆಲ್ ರಸ್ತೆಯ 21ನೇ ನಂಬರಿನ ಮನೆಯಲ್ಲಿ ಅದು ನೆಲೆಸಿತು. 1912ರಲ್ಲಿ ಇಂಡಿಯನ್ ಸ್ಟೂಡೆಂಟ್ಸ್ ಡಿಪಾರ್ಟ್‌ಮೆಂಟ್ ಎಂಬ ಪೂರ್ಣ ಇಲಾಖೆಯಾಯಿತು. ಭಾರತದ ಪ್ರಾಂತಗಳಲ್ಲಿ ಸಲಹಾ ಸಮಿತಿಗಳು ಬಂದವು. ಒಳ್ಳೆಯ ನಡತೆಯ ಪ್ರಮಾಣಪತ್ರಗಳಿಗಾಗಿ ಹುಡುಗರು ತಮ್ಮ ಜಿಲ್ಲೆಯ ಅಧಿಕಾರಿಗಳ ಮುಂದೆ ನಿಲ್ಲಬೇಕಾಯಿತು. ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಬರುತ್ತದೆ. ಹದಿನೆಂಟು ಇಪ್ಪತ್ತರ ಹುಡುಗರು ಗುರುತು ಪರಿಚಯವಿಲ್ಲದ ಚಳಿಯ ಊರಿಗೆ ಹೋಗುತ್ತಾರೆ. ಮನೆ ಬಾಡಿಗೆಗೆ ಸಿಗುವುದಿಲ್ಲ, ದುಡ್ಡು ಮುಗಿಯುತ್ತದೆ, ಕಾಯಿಲೆ ಬೀಳುತ್ತಾರೆ. ಅವರಿಗೆ ದಾರಿ ತೋರಿಸುವ ಕಚೇರಿ ಇದ್ದರೆ ತಪ್ಪೇನು? ತಪ್ಪೇನಿಲ್ಲ. ಆ ಮನೆಯಲ್ಲಿ ಎಷ್ಟೋ ಹುಡುಗರಿಗೆ ಮೊದಲ ರಾತ್ರಿಯ ಹಾಸಿಗೆ ಸಿಕ್ಕಿದ್ದೂ ನಿಜ. ತೊಂದರೆ ಇದ್ದದ್ದು ಹಾಸಿಗೆ ಕೊಡುವ ಕೈಯೇ ನಡತೆಯ ಕಡತವನ್ನೂ ಬರೆಯುತ್ತದೆ ಎಂಬಲ್ಲಿ. ವಿದ್ಯಾರ್ಥಿಗಳು ಕ್ರಾಮ್‌ವೆಲ್ ರಸ್ತೆಯನ್ನು ಗೂಢಚಾರರ ಅಡ್ಡೆ ಎಂದೇ ನಂಬಿ ದೂರವಿದ್ದರು. ಹೀಗಾಗಿ ನೆರವು ಯಾರಿಗೆ ಬೇಕಿತ್ತೋ ಅವರೇ ಅದನ್ನು ಮುಟ್ಟಲಿಲ್ಲ, ಕಾವಲು ಯಾರ ಮೇಲೆ ಇಡಬೇಕೆಂದಿದ್ದರೋ ಅವರೂ ಅದರ ಕೈಗೆ ಸಿಗಲಿಲ್ಲ.

ಸಲಹೆಗಾರರ ಸಲಹೆಗೆ ಎಷ್ಟು ಬೆಲೆಯಿತ್ತು ಎಂಬುದಕ್ಕೆ ಸುಭಾಷಚಂದ್ರ ಬೋಸರ ಅನುಭವವೊಂದು ಸಾಕ್ಷಿ. ತಂದೆ ಐ.ಸಿ.ಎಸ್.ಗೆ ಹೋಗೆಂದಾಗ ಯೋಚಿಸಲು ಸಿಕ್ಕಿದ್ದು 24 ಗಂಟೆ. 1919ರ ಸೆಪ್ಟೆಂಬರ್ 15ರಂದು ಅವರು ಹಡಗು ಹತ್ತಿದರು. ಹೊರಡುವ ಮುನ್ನ ಪ್ರಾಂತದ ಸಲಹೆಗಾರರನ್ನು ಕಂಡಿದ್ದರು. ಕೇಂಬ್ರಿಡ್ಜಿನಲ್ಲಿ ಓದಿದ್ದ ಆ ಪ್ರಾಧ್ಯಾಪಕರು, ಅಲ್ಲಿನ ಪ್ರತಿಭಾವಂತರ ಎದುರು ನಿನಗೆ ಅವಕಾಶವೇ ಇಲ್ಲ, ಹತ್ತು ಸಾವಿರ ರೂಪಾಯಿಯನ್ನು ಏಕೆ ನೀರಿಗೆ ಹಾಕುತ್ತೀಯೆ ಎಂಬರ್ಥದಲ್ಲಿ ತಣ್ಣೀರೆರಚಿದರು ಎಂದು ಬೋಸರು ತಮ್ಮ ಅಪೂರ್ಣ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮರುವರ್ಷ ಆ ಪರೀಕ್ಷೆಯಲ್ಲಿ ಅವರು ನಾಲ್ಕನೆಯವರಾಗಿ ತೇರ್ಗಡೆಯಾದರು. 1921ರಲ್ಲಿ ಆ ಹುದ್ದೆಯನ್ನು ಬಿಟ್ಟರು. ಸಾಮ್ರಾಜ್ಯದ ಎರಡು ಲೆಕ್ಕಗಳೂ ಇಲ್ಲಿ ತಪ್ಪಿದ್ದವು. ಬುದ್ಧಿಯನ್ನೂ ಅದು ಅಳೆಯಲಾರದೆ ಹೋಯಿತು, ನಿಷ್ಠೆಯನ್ನೂ ಅಳೆಯಲಾರದೆ ಹೋಯಿತು. ಈ ನಡುವೆ ಮೊದಲ ಮಹಾಯುದ್ಧ ಇನ್ನೊಂದು ಕಾಗದವನ್ನು ತಂದಿತ್ತು. 1914ಕ್ಕೆ ಮೊದಲು ಹಡಗಿನ ಟಿಕೆಟ್ಟಿಗೆ ಹಣವಿದ್ದರೆ ಸಾಕಿತ್ತು. ಯುದ್ಧದ ಕಟ್ಟಳೆಯಾಗಿ ಬಂದ ಪಾಸ್‌ಪೋರ್ಟು, ನಮ್ಮ ಹಳೆಯ ಮಾತಿನಲ್ಲಿ ರಹದಾರಿ, ಯುದ್ಧ ಮುಗಿದ ಮೇಲೂ ಹೋಗಲಿಲ್ಲ. 1920ರಲ್ಲಿ ಬಂದ ಪಾಸ್‌ಪೋರ್ಟ್ ಶಾಸನ ಭಾರತದ ಒಳಗೆ ಬರುವವರಿಗೆ ಸಂಬಂಧಿಸಿದ್ದು. ಹೊರಗೆ ಹೋಗುವವರಿಗೆ ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಅಧಿಕಾರಿಗಳ ಮರ್ಜಿಗೆ ಬಿಟ್ಟ ವಿಷಯವಾಗಿ ಉಳಿಯಿತು. ಆ ಮರ್ಜಿಯೇ 1965ರವರೆಗೆ, ಸ್ವಾತಂತ್ರ್ಯದ ಸಾಲುಮರಗಳನ್ನು ದಾಟಿ, ಬೆಂಗಳೂರಿನಲ್ಲಿದ್ದ ಮೈಸೂರು ಹೈಕೋರ್ಟಿನವರೆಗೂ ನಡೆದು ಬಂತು.

ಕರಾರಿನ ದಾರಿ ಇದಕ್ಕೆ ಸಮಾನಾಂತರವಾಗಿ ಬೆಳೆದಿತ್ತು. 1892ರಲ್ಲಿ ಜೆ.ಎನ್. ಟಾಟಾ ಅವರು ಹೊರದೇಶದ ಓದಿಗೆ ಸಾಲ ಕೊಡುವ ದತ್ತಿ ಸ್ಥಾಪಿಸಿದರು. ಪಡೆದವರು ದುಡಿದು ತೀರಿಸಬೇಕು, ಆ ಹಣ ಮುಂದಿನವರಿಗೆ ಹೋಗಬೇಕು. ಶ್ಯಾಮಜಿ ಕೃಷ್ಣವರ್ಮರ ವೇತನಕ್ಕೆ ಇದ್ದ ಷರತ್ತು, ಪಡೆದವರು ಬ್ರಿಟಿಷ್ ಸರ್ಕಾರದ ನೌಕರಿ ಹಿಡಿಯಬಾರದು ಎಂಬುದು. 1906ರಲ್ಲಿ ತಿಲಕರ ಶಿಫಾರಸು ಪಡೆದು ಸಾವರ್ಕರ್ ಹೋದದ್ದು ಇದೇ ದಾರಿಯಲ್ಲಿ. ಇವೂ ಒಂದು ಬಗೆಯ ಹಿಡಿತವೇ ಅಲ್ಲವೇ ಎಂದು ಕೇಳಬಹುದು. ಹಿಡಿತ ಹೌದು, ಆದರೆ ಒಪ್ಪದವನು ಬೇಡವೆಂದು ಹೇಳಿ ಬೇರೆ ದಾರಿ ಹುಡುಕಬಹುದಿತ್ತು. ಬಾಗಿಲು ಕಾಯುವವನಿಗೆ ಹಾಗೆ ಬೇಡವೆಂದು ಹೇಳಿ ಹೋಗಲು ಇನ್ನೊಂದು ಬಾಗಿಲೇ ಇರುವುದಿಲ್ಲ. ಕರಾರಿನಲ್ಲಿ ಇನ್ನೊಂದು ಗುಣವೂ ಇದೆ: ಅದು ಎರಡೂ ಕಡೆಯವರನ್ನು ಕಟ್ಟುತ್ತದೆ. ಕೊಟ್ಟವರು ತಮ್ಮ ಪಾಲನ್ನು ನಡೆಸದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಬರೋಡೆಗೆ ಹೋಗಬೇಕು.

1913ರ ಜೂನ್ 4ರಂದು ಭೀಮರಾವ್ ಅಂಬೇಡ್ಕರರು ಬರೋಡೆ ಸಂಸ್ಥಾನದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದರು. ಮಹಾರಾಜ ಸಯಾಜಿರಾವ್ ಗಾಯಕವಾಡರ ಸಂಸ್ಥಾನ ತಿಂಗಳಿಗೆ ಹನ್ನೊಂದೂವರೆ ಪೌಂಡ್ ವೇತನ ಕೊಡುತ್ತದೆ. ಓದಿ ಬಂದು ಅವರು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು. ನ್ಯಾಯವಾದ ಕರಾರು ಇದು. ಅಸ್ಪೃಶ್ಯರೆನಿಸಿಕೊಂಡ ಹುಡುಗನೊಬ್ಬ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಮುಟ್ಟಿದ್ದು ಇದರಿಂದಲೇ. 1916ರಲ್ಲಿ ಲಂಡನ್ನಿಗೆ ಹೋದವರು ವೇತನದ ಅವಧಿ ಮುಗಿದದ್ದರಿಂದ, ಓದು ಅರ್ಧದಲ್ಲಿರುವಾಗಲೇ 1917ರಲ್ಲಿ ಹಿಂದಿರುಗಿ, ಮಾತಿನಂತೆ ಬರೋಡೆಯಲ್ಲಿ ಕೆಲಸಕ್ಕೆ ಸೇರಿದರು. ಆ ಊರಿನಲ್ಲಿ ಅವರಿಗೆ ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿಕೊಂಡು ಪಾರ್ಸಿ ಛತ್ರವೊಂದರಲ್ಲಿ ಇದ್ದಾಗ ದೊಣ್ಣೆ ಹಿಡಿದ ಜನ ಬಂದು ಹೊರಹಾಕಿದರು. ಹತ್ತು ವರ್ಷದ ಸೇವೆಯ ಕರಾರು ಕೆಲವೇ ದಿನಗಳಲ್ಲಿ ಮುರಿಯಿತು. ಮುರಿದದ್ದು ವಿದ್ಯಾರ್ಥಿಯಲ್ಲ. ಬಹಿಷ್ಕಾರದ ಭಯ ತೋರಿಸಿ ಮೇಲ್ಜಾತಿಯ ಹುಡುಗರನ್ನು ದೇಶದೊಳಗೆ ಇಟ್ಟುಕೊಳ್ಳಬಯಸಿದ ಅದೇ ಸಮಾಜ, ಓದಿ ಬಂದ ಈ ಒಬ್ಬನಿಗೆ ದೇಶದೊಳಗೆ ಇರಲು ಜಾಗ ಕೊಡಲಿಲ್ಲ. ಅಂಬೇಡ್ಕರರು ಮತ್ತೆ ಲಂಡನ್ನಿಗೆ ಹೋದದ್ದು 1920ರಲ್ಲಿ: ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನ ಸಂಬಳದಲ್ಲಿ ಉಳಿಸಿದ್ದು, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯನೊಬ್ಬ ಕೊಟ್ಟ ಸಾಲ. ಅಲ್ಲಿ ರೂಪಾಯಿಯ ಸಮಸ್ಯೆಯ ಕುರಿತು ಬರೆದ ಪ್ರಬಂಧಕ್ಕೆ 1923ರಲ್ಲಿ ಡಿ.ಎಸ್‌ಸಿ. ಪದವಿ ಸಿಕ್ಕಿತು.

ಸ್ವಾತಂತ್ರ್ಯ ಬಂದಾಗ ಹೊಸ್ತಿಲಿನಲ್ಲಿ ರೂಪಾಯಿಯ ಸಮಸ್ಯೆಯೇ ಬಂದು ಕೂತಿತು. 1947ರ ವಿದೇಶಿ ವಿನಿಮಯ ನಿಯಂತ್ರಣ ಶಾಸನದಡಿ ಹೊರದೇಶದ ಪ್ರತಿ ಪೌಂಡಿಗೂ ಡಾಲರಿಗೂ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿತ್ತು. ಐವತ್ತರ ದಶಕದ ಕೊನೆಯಲ್ಲಿ ಯುದ್ಧಕಾಲದ ಸ್ಟರ್ಲಿಂಗ್ ಶಿಲ್ಕು ಕರಗಿ ಹೋದ ಮೇಲೆ ಈ ಬಿಗಿ ಇನ್ನೂ ಹೆಚ್ಚಿತು. ಪ್ರಯಾಣಕ್ಕೆ ‘ಪಿ ಫಾರ್ಮ್’ ಮಂಜೂರಾಗಬೇಕು. ಅದಿಲ್ಲದೆ ಟಿಕೆಟ್ ಇಲ್ಲ. 1966ರ ಜೂನ್‌ನಲ್ಲಿ ಡಾಲರಿನ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿತು. ಅರವತ್ತರ, ಎಪ್ಪತ್ತರ ದಶಕಗಳಲ್ಲಿ ಅಮೆರಿಕಕ್ಕೆ ಹೋದವರು ಜೇಬಿನಲ್ಲಿ 8 ಡಾಲರ್ ಇಟ್ಟುಕೊಂಡು ಇಳಿದೆವು ಎಂದು ಇಂದಿಗೂ ಹೇಳುತ್ತಾರೆ. ಇಲ್ಲಿ ಬರುವ ಆಕ್ಷೇಪ ಹಿಂದಿನವುಗಳಿಗಿಂತ ಗಟ್ಟಿಯಾದದ್ದು. ಜಾತಿಯ ಭಯ ಮೂಢನಂಬಿಕೆ, ಸಾಮ್ರಾಜ್ಯದ ಭಯ ದಬ್ಬಾಳಿಕೆ. ಆದರೆ ಬಡದೇಶದ ಭಯ ನಿಜವಾದದ್ದು. ಧಾನ್ಯ ತರಿಸಲೂ ಯಂತ್ರ ತರಿಸಲೂ ಡಾಲರಿಲ್ಲದಾಗ ಉಳ್ಳವರ ಮಗನ ಶುಲ್ಕಕ್ಕೆ ಅದನ್ನು ಏಕೆ ಕೊಡಬೇಕು? ಜನರ ತೆರಿಗೆಯಲ್ಲಿ ಓದಿದ ವೈದ್ಯ, ಎಂಜಿನಿಯರ್ ಹೊರಟು ಹೋದರೆ ಜನರಿಗೆ ಏನುಳಿಯಿತು? ನಾನು ಈ ವಾದದ ಮೊದಲರ್ಧವನ್ನು ಒಪ್ಪುತ್ತೇನೆ. ಇದ್ದ ಡಾಲರನ್ನು ಅಳೆದು ಹಂಚುವುದು ಯಾವ ಸರ್ಕಾರಕ್ಕಾದರೂ ಅನಿವಾರ್ಯವಾಗಿತ್ತು. ಡಾಲರ್ ಸರ್ಕಾರದ್ದು, ಅದಕ್ಕೆ ಷರತ್ತು ಹಾಕುವುದು ಕರಾರಿನ ಮಾತು.

ಎರಡನೆಯ ಅರ್ಧದಲ್ಲಿ ವಾದ ಜಾರುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳು ಒಳ್ಳೆಯ ವಿದ್ಯಾರ್ಥಿಗಳಿಗೆ ತಾವೇ ಸಹಾಯಕ ಹುದ್ದೆ ಕೊಟ್ಟು, ಶುಲ್ಕ ಬಿಟ್ಟು ಕರೆಯುತ್ತಿದ್ದವು. ಅಂಥವರಿಗೆ ನಮ್ಮ ಡಾಲರಿನ ಅಗತ್ಯ ಇರಲಿಲ್ಲ. ಆದ್ದರಿಂದ ಡಾಲರಿನ ಬಿಗಿ ಅವರನ್ನು ಹಿಡಿಯಲೂ ಇಲ್ಲ. 1965ರ ಅಕ್ಟೋಬರಿನಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಗಿ ಏಷ್ಯಾದವರಿಗೆ ಬಾಗಿಲು ತೆರೆದ ಮೇಲೆ, ಯಾರನ್ನು ಉಳಿಸಿಕೊಳ್ಳಲು ದೇಶ ಬಯಸಿತ್ತೋ ಅವರೇ ಹೊರಟರು. ಹಿಂದಿರುಗಿ ಬರುವವರಿಗೆ ದೇಶ ಏನು ಇಟ್ಟಿತ್ತು ಎಂಬುದೂ ಕೇಳಲೇಬೇಕಾದ ಪ್ರಶ್ನೆ. ಹರಗೋಬಿಂದ ಖೊರಾನಾ 1945ರಲ್ಲಿ ಭಾರತ ಸರ್ಕಾರದ ವೇತನದ ಮೇಲೆ ಲಿವರ್‌ಪೂಲ್‌ಗೆ ಹೋದರು, 1949ರಲ್ಲಿ ಹಿಂದಿರುಗಿದರು, ಇಲ್ಲಿ ಕೆಲಸ ಸಿಗದೆ ಮತ್ತೆ ಇಂಗ್ಲೆಂಡಿಗೆ ಹೋದರು. 1968ರಲ್ಲಿ ಅವರಿಗೆ ನೊಬೆಲ್ ಬಂದಾಗ ಅವರು ಅಮೆರಿಕದ ಪ್ರಜೆ. ಇದರ ಪಕ್ಕದಲ್ಲಿ ಬೆಂಗಳೂರಿನ ರಾಜೇಶ್ವರಿ ಚಟರ್ಜಿಯವರನ್ನು ಇಟ್ಟು ನೋಡಬೇಕು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದ ಅವರು, ಸರ್ಕಾರದ ವೇತನ ಪಡೆದು 1947ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಪಿಎಚ್.ಡಿ. ಪಡೆದು ಹಿಂದಿರುಗಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾದರು, ಮೈಕ್ರೋವೇವ್ ಸಂಶೋಧನೆಯನ್ನು ಅಲ್ಲಿ ಬೆಳೆಸಿದರು. ಇಬ್ಬರ ಪ್ರತಿಭೆಗೂ ಇಬ್ಬರ ದೇಶಪ್ರೇಮಕ್ಕೂ ತಕ್ಕಡಿ ಹಿಡಿಯುವುದು ಬೇಡ. ಒಬ್ಬರಿಗೆ ಹಿಂದಿರುಗಲು ಒಂದು ಪ್ರಯೋಗಾಲಯವಿತ್ತು, ಇನ್ನೊಬ್ಬರಿಗೆ ಇರಲಿಲ್ಲ. ಸರ್ಕಾರಕ್ಕೂ ಇದು ಹೊಳೆಯದೆ ಇರಲಿಲ್ಲ: 1958ರಲ್ಲಿ ಹೊರಗಿನಿಂದ ಬಂದ ವಿಜ್ಞಾನಿಗಳಿಗೆ ತಾತ್ಕಾಲಿಕ ನೆಲೆ ಕೊಡಲು ‘ಸೈಂಟಿಸ್ಟ್ಸ್ ಪೂಲ್’ ಆರಂಭಿಸಿದ್ದು ಇದೇ ಅರಿವಿನಿಂದ.

ಡಾಲರಿನ ಮಾತು ಒಂದು, ಪಾಸ್‌ಪೋರ್ಟಿನ ಮಾತು ಇನ್ನೊಂದು. ಡಾಲರ್ ಕೊಡಲಾರೆ ಎನ್ನುವುದಕ್ಕೂ ಮನೆಯಿಂದ ಹೊರಗೆ ಕಾಲಿಡಬೇಡ ಎನ್ನುವುದಕ್ಕೂ ಇರುವ ಅಂತರವನ್ನು ಆಡಳಿತ ಮರೆತಿತ್ತು; ನೆನಪಿಸಿದ್ದು ನ್ಯಾಯಾಲಯ. ಮೈಸೂರಿನ ಜೊತೆಗೆ ಕೇರಳ ಮತ್ತು ಮುಂಬಯಿ ಹೈಕೋರ್ಟುಗಳೂ ಅದೇ ದಿಕ್ಕಿನಲ್ಲಿ ನಡೆದವು. 1967ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಪ್ರಕರಣದಲ್ಲಿ ಮೂರು-ಎರಡರ ಬಹುಮತದಿಂದ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ಕೋಕಾ ಸುಬ್ಬರಾವ್ ಅವರು ಬರೆದ ಬಹುಮತದ ತೀರ್ಪು ಮೈಸೂರಿನ ನಿಲುವನ್ನು ಉಲ್ಲೇಖಿಸಿ ಎತ್ತಿಹಿಡಿಯಿತು: ಹೊರದೇಶ ಪ್ರಯಾಣ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ತಡೆಯುವುದು 21ನೇ ವಿಧಿಗೆ ವಿರುದ್ಧ, ಯಾರಿಗೆ ಕೊಡಬೇಕು ಯಾರಿಗೆ ಬಿಡಬೇಕು ಎಂಬುದಕ್ಕೆ ಅಂಕೆಯೇ ಇಲ್ಲದಿರುವುದು ಸಮಾನತೆಯ 14ನೇ ವಿಧಿಗೆ ವಿರುದ್ಧ. ಮರುದಿನವೇ ಅವರು ರಾಷ್ಟ್ರಪತಿ ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟರು. ಭಿನ್ನಮತದ ಹಿದಾಯತುಲ್ಲಾ ಮತ್ತು ಬಚಾವತ್ ಅವರ ಮಾತಿನಲ್ಲೂ ಹುರುಳಿತ್ತು: ಪಾಸ್‌ಪೋರ್ಟ್ ಎಂದರೆ ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ಬರೆದ ರಾಜಕೀಯ ಪತ್ರ, ಅದನ್ನು ಕೇಳಿ ಪಡೆಯುವ ಹಕ್ಕು ಪ್ರಜೆಗೆ ಹೇಗೆ ಬಂತು? ಆದರೆ ಅದಿಲ್ಲದೆ ಯಾವ ಹಡಗೂ ವಿಮಾನವೂ ಹತ್ತಿಸಿಕೊಳ್ಳದ ಕಾಲದಲ್ಲಿ ಆ ಪತ್ರವೇ ಬಾಗಿಲಾಗಿತ್ತು. ಬಾಗಿಲನ್ನು ಪತ್ರವೆಂದು ಕರೆದರೆ ಅದು ತೆರೆದುಕೊಳ್ಳುವುದಿಲ್ಲ. ಸರ್ಕಾರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು, ಜೂನ್ 24ಕ್ಕೆ ಪಾಸ್‌ಪೋರ್ಟ್ ಶಾಸನ ಮಾಡಿತು. ನಿರಾಕರಿಸಲು ಕಾರಣಗಳ ಪಟ್ಟಿ, ಕಾರಣ ಬರೆದು ತಿಳಿಸುವ ಹೊಣೆ, ಮೇಲ್ಮನವಿಯ ಅವಕಾಶ ಮೊದಲ ಬಾರಿಗೆ ಬಂದವು. 1978ರ ಮೇನಕಾ ಗಾಂಧಿ ಪ್ರಕರಣ ಆ ವಿಧಾನ ನ್ಯಾಯಯುತವೂ ಆಗಿರಬೇಕು ಎಂದು ಸೇರಿಸಿತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. ಹಳೆಯ ವಿನಿಮಯ ಕಾನೂನು 2000ದ ಜೂನ್‌ನಲ್ಲಿ ತೆರೆಮರೆಗೆ ಸರಿಯಿತು. 2004ರಲ್ಲಿ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಲು ಪ್ರಜೆಗೆ ಮುಕ್ತ ಅವಕಾಶ ಸಿಕ್ಕಿತು. 2015ರಲ್ಲಿ ಅದು 2,50,000 ಡಾಲರಿಗೆ ಏರಿತು. 2023-24ರಲ್ಲಿ ಅಮೆರಿಕವೊಂದರಲ್ಲೇ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. ಅಪ್ಪಣೆ ಕೇಳುವ ಜಾಗ ಈಗ ಹೋಗುವ ದೇಶದ ದೂತಾವಾಸಕ್ಕೆ ಸರಿದಿದೆ. ಅಲ್ಲಿನ ಕಿಟಕಿಯ ಹಿಂದಿರುವ ಅಧಿಕಾರಿಗೆ ಓದಿ ಮುಗಿಸಿ ಹಿಂದಿರುಗುತ್ತೇನೆ ಎಂದು ಮನಗಾಣಿಸಬೇಕು. ಅದರ ಬಗ್ಗೆ ನಮ್ಮ ನ್ಯಾಯಾಲಯ ಏನೂ ಮಾಡಲಾರದು. ನಮ್ಮ ಕೈಯಲ್ಲೇ ಇರುವ ಬಾಗಿಲೊಂದಿದೆ. ಅದರ ಮಾತು ಆಡಬೇಕು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳನ್ನು ಸರ್ಕಾರದ ಹಣದಲ್ಲಿ ಹೊರದೇಶಕ್ಕೆ ಕಳಿಸಬೇಕೆಂದು ವೈಸರಾಯರ ಕಾರ್ಯಕಾರಿ ಸಮಿತಿಯ ಸದಸ್ಯರಾಗಿದ್ದಾಗ ಅಂಬೇಡ್ಕರರು ಹಟ ಹಿಡಿದು ಸಾಧಿಸಿದ್ದರು. ಸ್ವತಂತ್ರ ಭಾರತದಲ್ಲಿ 1954-55ರಲ್ಲಿ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಆರಂಭವಾಯಿತು. ಇಷ್ಟು ದೊಡ್ಡ ದೇಶದಲ್ಲಿ ಅದರ ಸ್ಥಾನಗಳು ವರ್ಷಕ್ಕೆ 125. ಇದು ಅಪ್ಪಣೆಯಲ್ಲ, ಕರಾರು. ಹಣ ಕೊಡುವ ಸರ್ಕಾರಕ್ಕೆ ಷರತ್ತು ಹಾಕುವ ಹಕ್ಕಿದೆ ಎಂದು ನಾನೇ ಮೇಲೆ ಹೇಳಿದ್ದೇನೆ. ಆ ಹಕ್ಕಿಗೂ ಒಂದು ಮಿತಿಯಿದೆ. 2022ರ ಮಾರ್ಗಸೂಚಿಯಲ್ಲಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಸಮಾಜದ ಅಧ್ಯಯನಕ್ಕೆ ಸಂಬಂಧಿಸಿದ ವಿಷಯಗಳಿಗೆ ಈ ವೇತನ ಇಲ್ಲ ಎಂಬ ಸಾಲು ಸೇರಿತು. ಮರಳಿ ಬಂದು ಸೇವೆ ಮಾಡು ಎಂದು ಬರೋಡೆಯ ಮಹಾರಾಜರು ಕೇಳಿದ್ದರು. ಏನನ್ನು ಯೋಚಿಸಬಾರದು ಎಂದು ಹೇಳಿರಲಿಲ್ಲ. ಈ ಸಾಲು ಕರಾರಿನ ವೇಷದಲ್ಲಿ ಬಂದ ಹಳೆಯ ಅಪ್ಪಣೆ. ಅದನ್ನು ಹೊಡೆದುಹಾಕಬೇಕು. 1916ರ ಮೇ 9ರಂದು, ಸಂಸ್ಥಾನದ ವೇತನದಲ್ಲಿ ಓದುತ್ತಿದ್ದ ಅಂಬೇಡ್ಕರರು ಕೊಲಂಬಿಯಾದಲ್ಲಿ ಪ್ರೊಫೆಸರ್ ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಪ್ರಬಂಧವೊಂದನ್ನು ಮಂಡಿಸಿದರು. ಅದರ ವಿಷಯ ಭಾರತದಲ್ಲಿ ಜಾತಿಗಳು, ಅವುಗಳ ರಚನೆ, ಹುಟ್ಟು ಮತ್ತು ಬೆಳವಣಿಗೆ.